ಕೋಳಿ ಹೊರಗೆ ಬಂದ ಮೇಲಿನ ಇಪ್ಪತ್ತು ನಿಮಿಷ

ಒಳಗೆ ಫ್ಯಾನ್ ಇರುವ ಕನ್ವೆಕ್ಷನ್ ಓವನ್‌ನಲ್ಲಿ ಮೊದಲ ಸಲ ಇಡೀ ಕೋಳಿ ರೋಸ್ಟ್ ಮಾಡಿದಾಗ ಚರ್ಮ ಕರಕಲಾಗಿತ್ತು, ತೊಡೆ ಮೂಳೆ ಹತ್ತಿರ ಮಾಂಸ ಇನ್ನೂ ಹಸಿ. ರೆಸಿಪಿಯಲ್ಲಿ 200 ಡಿಗ್ರಿ ಅಂತ ಇತ್ತು, ಹಾಗೇ ಇಟ್ಟಿದ್ದೆ. ಅದು ಫ್ಯಾನ್ ಇಲ್ಲದ ಓವನ್‌ನ ಲೆಕ್ಕ. ಫ್ಯಾನ್ ಇದ್ದರೆ ಬಿಸಿ ಗಾಳಿ ಸುತ್ತುತ್ತಲೇ ಇರುತ್ತದೆ, ಹೊರಭಾಗ ಬೇಗ ಕೆಂಪಾಗುತ್ತದೆ. ಈಗ ಅಂಥ ರೆಸಿಪಿ ಸಿಕ್ಕರೆ 20 ಡಿಗ್ರಿ ಇಳಿಸಿಯೇ ಶುರು ಮಾಡುತ್ತೇನೆ.

ಪಾತ್ರೆಯಲ್ಲೂ ಎಡವಿದ್ದೆ. ಆಳದ ಟ್ರೇಯಲ್ಲಿ ಇಟ್ಟರೆ ಅಂಚು ಗಾಳಿಗೆ ಅಡ್ಡ ಬರುತ್ತದೆ. ಮೇಲೆ ಹೊಂಬಣ್ಣ, ಕೆಳಗೆ ಬಿಳಿಚಿಕೊಂಡು ಮೆತ್ತಗಾದ ಚರ್ಮ. ಅಂಚು ಗಿಡ್ಡ ಇರುವ ಟ್ರೇ, ಅದರ ಮೇಲೊಂದು ಜಾಲರಿ, ಜಾಲರಿ ಮೇಲೆ ಕೋಳಿ. ಇಷ್ಟು ಬದಲಾಯಿಸಿದ್ದಕ್ಕೇ ಎಷ್ಟೋ ವ್ಯತ್ಯಾಸ ಕಂಡಿತು.

ಹಿಂದಿನ ರಾತ್ರಿಯೇ ಕೋಳಿಯನ್ನು ಚೆನ್ನಾಗಿ ಒರೆಸಿ, ಉಪ್ಪು ಸವರಿ, ಮುಚ್ಚದೆ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ಇಡುತ್ತೇನೆ. ಬೆಳಗ್ಗೆ ಮುಟ್ಟಿದರೆ ಚರ್ಮ ಕಾಗದದ ಹಾಗೆ ಒಣಗಿರುತ್ತದೆ. ಒಣಗಿದಷ್ಟೂ ಗರಿಗರಿ.

ಒಂದೂವರೆ ಕೆಜಿ ಕೋಳಿಗೆ 180 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ ಹತ್ತು ನಿಮಿಷ. ಆದರೆ ಗಡಿಯಾರ ನಂಬಬೇಡಿ. ಥರ್ಮಾಮೀಟರ್‌ನ ಮೊನೆಯನ್ನು ತೊಡೆಯ ದಪ್ಪ ಭಾಗಕ್ಕೆ, ಮೂಳೆಗೆ ತಾಗದ ಹಾಗೆ ಚುಚ್ಚಿ ನೋಡಿ. 74 ಡಿಗ್ರಿ ಮುಟ್ಟಿದರೆ ತಿನ್ನೋಕೆ ಸುರಕ್ಷಿತ. ತೊಡೆ ಮಾತ್ರ 80ರ ಹತ್ತಿರ ಬರಲಿ ಅಂತ ಕಾಯುತ್ತೇನೆ, ಆಗಲೇ ಅದು ಮೃದುವಾಗೋದು.

ಇಡೀ ಊಟ ಒಟ್ಟಿಗೆ ಮಾಡೋದು ಕಲಿಯಲು ಜಾಸ್ತಿ ದಿನ ಹಿಡಿಯಿತು. ಮೊದಲೆಲ್ಲ ಎಲ್ಲವನ್ನೂ ಒಟ್ಟಿಗೆ ಒಳಗೆ ತಳ್ಳುತ್ತಿದ್ದೆ. ಕ್ಯಾರೆಟ್ ಮುದುರಿಹೋಗುತ್ತಿತ್ತು, ಆಲೂಗಡ್ಡೆ ಬೇಯುತ್ತಲೇ ಇರಲಿಲ್ಲ. ಈಗ ಊಟದ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇನೆ. ಒಂದು ಗಂಟೆಗೆ ಊಟ ಅಂದರೆ 11:20ಕ್ಕೆ ಕಾದ ಓವನ್‌ಗೆ ಕೋಳಿ. ಆಲೂಗಡ್ಡೆಯನ್ನು ಎಂಟು ನಿಮಿಷ ಕುದಿಸಿ, ನೀರು ಬಸಿದು, ಪಾತ್ರೆ ಮುಚ್ಚಿ ಜೋರಾಗಿ ಕುಲುಕಬೇಕು. ಅಂಚುಗಳು ಒರಟಾಗುತ್ತವಲ್ವಾ, ಆ ಒರಟೇ ಆಮೇಲೆ ಗರಿಗರಿ ಆಗೋದು. ಎಣ್ಣೆ ಹಚ್ಚಿ 12ಕ್ಕೆ ಕೆಳಗಿನ ಅಂತಸ್ತಿಗೆ ಇಡುತ್ತೇನೆ. ಒಂದಕ್ಕೊಂದು ತಾಗಬಾರದು, ಒತ್ತೊತ್ತಾಗಿ ಹಾಕಿದರೆ ಹಬೆಯಲ್ಲಿ ಬೆಂದುಬಿಡುತ್ತವೆ. ಕ್ಯಾರೆಟ್, ಈರುಳ್ಳಿ ಕಾಲು ಗಂಟೆ ತಡವಾಗಿ ಅದೇ ಟ್ರೇಗೆ.

ಹನ್ನೆರಡೂವರೆಗೆ ಕೋಳಿ ಹೊರಗೆ ಬರುತ್ತದೆ. ಅದನ್ನು 20 ನಿಮಿಷ ಸುಮ್ನೆ ಬಿಟ್ಟುಬಿಡಿ. ಒಳಗಿನ ಬಿಸಿ ಇನ್ನೂ ಎರಡು ಮೂರು ಡಿಗ್ರಿ ಏರುತ್ತದೆ. ತಕ್ಷಣ ಕೊಯ್ದರೆ ರಸವೆಲ್ಲ ಹಲಗೆ ಮೇಲೆ ಹರಿದುಹೋಗುತ್ತದೆ. ಫಾಯಿಲ್ ಬಿಗಿಯಾಗಿ ಮುಚ್ಚಬೇಡಿ, ಚರ್ಮ ಮತ್ತೆ ಮೆತ್ತಗಾಗುತ್ತದೆ.

ನನಗೆ ತುಂಬ ಇಷ್ಟದ ಹೊತ್ತು ಇದೇ. ಕೋಳಿ ಹೊರಗೆ ಬಂದ ಕೂಡಲೇ ಓವನ್ ಬಾಗಿಲನ್ನು ಒಂದು ಕ್ಷಣ ಪೂರ್ತಿ ತೆರೆದು ಹಬೆ ಬಿಡುತ್ತೇನೆ. ತರಕಾರಿ ಟ್ರೇ ನಡುವಿನ ಅಂತಸ್ತಿಗೆ ಬರುತ್ತದೆ, ಬಿಸಿ 220ಕ್ಕೆ ಏರುತ್ತದೆ. ಕೋಳಿಯ ಟ್ರೇಯಲ್ಲಿ ಉಳಿದ ಕಂದು ರಸಕ್ಕೆ ಬಿಸಿನೀರು ಹಾಕಿ, ಅಂಟಿದ್ದನ್ನೆಲ್ಲ ಮರದ ಸೌಟಿನಿಂದ ಕೆರೆದು ಕುದಿಸಿದರೆ ಗ್ರೇವಿ ತಯಾರು. ಅಷ್ಟು ಹೊತ್ತಿಗೆ ಒಳಗಿನಿಂದ ಆಲೂಗಡ್ಡೆಯ ಚಟಪಟ ಕೇಳಿಸತೊಡಗುತ್ತದೆ. ಆಗ ಚಾಕು ಕೈಗೆ ತೆಗೆದುಕೊಳ್ಳುತ್ತೇನೆ.