ಆಟದ ಪೆಟ್ಟು ಪೊಲೀಸ್ ಕೇಸ್ ಆಗುವುದು ಯಾವಾಗ?

ಕಾಸರಗೋಡಿನ ಕಡೆ ರಗ್ಬಿ ಆಡುವವರು ಕಡಿಮೆ. ನಮ್ಮ ರಗ್ಬಿ ಅಂದರೆ ಹೊನಲು ಬೆಳಕಿನ ಕಬಡ್ಡಿ. ಅಲ್ಲಿ ಯಾರದಾದರೂ ದವಡೆ ಮುರಿದರೆ ‘ಆಟ ಅಲ್ವಾ, ಬಿಡಿ’ ಅನ್ನುವವರೇ ಜಾಸ್ತಿ. ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವ ಮೊದಲು ಇಷ್ಟು ಮಾಡಿ.

ಮೊದಲು, ಪೆಟ್ಟು ಆಟದೊಳಗಿನದೋ ಹೊರಗಿನದೋ ನೋಡಿ. ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಐಪಿಸಿಯ ಬದಲು ಬಂದ ಕಾನೂನು) 25ನೇ ಸೆಕ್ಷನ್‌ನಲ್ಲಿ ಇದಕ್ಕೊಂದು ಉದಾಹರಣೆಯೇ ಇದೆ. ಇಬ್ಬರು ಒಪ್ಪಿ ಕತ್ತಿವರಸೆ ಆಡುತ್ತಾರೆ. ಮೋಸವಿಲ್ಲದೆ ಆಡುವಾಗ ಒಬ್ಬನಿಗೆ ಗಾಯವಾದರೆ ಅದು ಅಪರಾಧವಲ್ಲ. ಎಲ್ಲ ಇರುವುದು ಆ ‘ಮೋಸವಿಲ್ಲದೆ’ ಎಂಬಲ್ಲೇ. ಇನ್ನೊಂದು ಮಾತು: ಈ ಸೆಕ್ಷನ್‌ಗೆ 18 ದಾಟಿದವರ ಒಪ್ಪಿಗೆ ಮಾತ್ರ ಲೆಕ್ಕ. ಶಾಲಾ ಪಂದ್ಯ ನಡೆಸುವವರು ನೆನಪಿಡಿ.

ಹಾಗಂತ ರೆಫ್ರಿ ಸೀಟಿ ಊದಿದ್ದೆಲ್ಲ ಕೇಸಲ್ಲ. ರೈಡರ್‌ನ ಬಾಯಿ ಮುಚ್ಚುವುದು, ಕಾಲಿಗೆ ಕತ್ತರಿ ಹಾಕುವುದು ಕಬಡ್ಡಿಯಲ್ಲಿ ತಪ್ಪು. ಅದಕ್ಕೆ ಹಸಿರು, ಹಳದಿ, ಕೆಂಪು ಕಾರ್ಡುಗಳಿವೆ. ಆದರೆ ಆಟ ಬೇರೆಲ್ಲೋ ನಡೆಯುವಾಗ ಮುಖಕ್ಕೆ ಗುದ್ದಿದರೆ? 1978ರ ಒಂದು ಪ್ರಕರಣದಲ್ಲಿ ವೇಲ್ಸ್‌ನ ಒಬ್ಬ ರಗ್ಬಿ ಆಟಗಾರ ಹೀಗೇ ಮಾಡಿದ್ದ. ಚೆಂಡು ಎದುರಾಳಿಯ ಹತ್ತಿರವೇ ಇರಲಿಲ್ಲ. ಅವನ ದವಡೆ ಎರಡು ಕಡೆ ಮುರಿಯಿತು. ರಗ್ಬಿಯಲ್ಲಿ ಗುದ್ದಾಟ ಮಾಮೂಲು ಎಂದು ವಾದಿಸಿದ್ದೂ ಆಯಿತು. ಜ್ಯೂರಿ ಒಪ್ಪಲಿಲ್ಲ, ಗುದ್ದಿದವನು ತಪ್ಪಿತಸ್ಥನಾದ. ಒಪ್ಪಿದ್ದು ಆಟಕ್ಕೆ, ಗುದ್ದಿಗಲ್ಲ.

ಎರಡನೆಯದು ಆಸ್ಪತ್ರೆ. ಆ ರಾತ್ರಿಯೇ ಹೋಗಿ, ‘ಬಿದ್ದೆ’ ಎನ್ನಬೇಡಿ. ಏನಾಯಿತೋ ಅದನ್ನೇ ಹೇಳಿ. ಎಂಎಲ್‌ಸಿ ಬರೆಸಿ (ವಿಧಾನ ಪರಿಷತ್ತಿನವರಲ್ಲ, ಮೆಡಿಕೊ ಲೀಗಲ್ ಕೇಸ್, ಅಂದರೆ ಪೊಲೀಸ್ ಕೇಸಿಗೆ ಬೇಕಾಗುವ ಆಸ್ಪತ್ರೆಯ ದಾಖಲೆ). ಎಲುಬು ಅಥವಾ ಹಲ್ಲು ಮುರಿದರೆ, ಕೀಲು ತಪ್ಪಿದರೆ ಕಾನೂನಿನಲ್ಲಿ ಅದು ಗಂಭೀರ ಗಾಯ. ಹಾಗಾಗಿ ಎಕ್ಸ್‌ರೇ ಜೋಪಾನ.

ಆಮೇಲೆ ವಿಡಿಯೊ. ಗ್ಯಾಲರಿಯಲ್ಲಿ ಹತ್ತು ಮಂದಿಯಾದರೂ ಫೋನ್ ಹಿಡಿದಿರುತ್ತಾರೆ. ಅಳಿಸಿಹೋಗುವ ಮೊದಲು ಕೇಳಿ ಪಡೆಯಿರಿ. ಸ್ಕೋರ್‌ಶೀಟಿನ ಫೋಟೊ, ರೆಫ್ರಿಯ ಹೆಸರು ಸಹ ಬೇಕು.

ಕೊನೆಗೆ ಠಾಣೆ. ನಮ್ಮಲ್ಲಿ ಗಾಯಾಳುವನ್ನು ತಲಪಾಡಿ ಗಡಿ ದಾಟಿಸಿ ಮಂಗಳೂರಿಗೆ ಒಯ್ಯುವುದು ರೂಢಿ. ಪಂದ್ಯ ಕೇರಳದಲ್ಲಿ, ಆಸ್ಪತ್ರೆ ಕರ್ನಾಟಕದಲ್ಲಿ. ಹೆದರಬೇಡಿ. ಗಂಭೀರ ಗಾಯವಾಗಿದ್ದರೆ ಯಾವ ಠಾಣೆಯಲ್ಲೂ ಝೀರೋ ಎಫ್‌ಐಆರ್ ಮಾಡಿಸಬಹುದು, ಅದು ಆಮೇಲೆ ಇಲ್ಲಿನ ಠಾಣೆಗೆ ಬರುತ್ತದೆ. ಇಲ್ಲಿ ದೂರು ಕೊಡುವುದಾದರೆ ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಸರಕಾರ ಘೋಷಿಸಿದ ಕಡೆ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವ ಹಕ್ಕನ್ನು ಕೇರಳದ ಭಾಷಾ ಕಾಯ್ದೆ ಕೊಟ್ಟಿದೆ. ಹೇಳಿಕೆಯನ್ನು ಮಲಯಾಳದಲ್ಲಿ ಬರೆದುಕೊಂಡರೆ ಓದಿಸಿ ಕೇಳಿ.

ಸಾದಾ ಗಾಯವಾದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಶಿಕ್ಷೆ 1 ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೇಕೆಂದೇ ಗಂಭೀರ ಗಾಯ ಮಾಡಿದರೆ 7 ವರ್ಷದವರೆಗೆ ಜೈಲು ಮತ್ತು ದಂಡ.

ಅಷ್ಟರಲ್ಲಿ ಕ್ಲಬ್ಬಿನ ಹಿರಿಯರು ರಾಜಿಗೆ ಬರುತ್ತಾರೆ, ಖಂಡಿತ. ರಾಜಿ ತಪ್ಪಲ್ಲ, ಎಷ್ಟೋ ಸಲ ಅದೇ ಒಳ್ಳೆಯದು. ಆದರೆ ಆಸ್ಪತ್ರೆ ಬಿಲ್ಲಿನ ದುಡ್ಡು ಕೈಗೆ ಬರುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.