ಎಐ ಕೈಲಿ ಪಾಠ ಬರೆಸ್ಲಿಲ್ಲ, ಮಕ್ಕಳ ತಪ್ಪು ಉತ್ತರ ಕೊಟ್ಟೆ: ಡಿಜಿಟಲ್ ಪಠ್ಯಪುಸ್ತಕ ಮಾಡಿದ ನನ್ನ ಅನುಭವ

ಎಐ ಇಟ್ಕೊಂಡು ಗಣಿತದ ಪುಸ್ತಕ ಮಾಡ್ತೀನಿ ಅಂದಾಗ ಜೊತೆಯ ಮೇಷ್ಟ್ರುಗಳು "ಅದು ಬರೆದಿದ್ದನ್ನ ತಿದ್ದೋಷ್ಟರಲ್ಲಿ ನೀವೇ ಎರಡು ಪುಸ್ತಕ ಬರೀಬಹುದು" ಅಂದಿದ್ರು. ಇಡೀ ಪಾಠ ಬರೆಸೋಕೆ ಹೋದ್ರೆ ಅದು ನಿಜಾನೇ. ಭಿನ್ನರಾಶಿ ಪಾಠ ಓದೋಕೆ ನುಣ್ಣಗೆ ಬಂತು, ಆದ್ರೆ ಒಂದು ಉದಾಹರಣೆಯಲ್ಲೂ ಮಗು ಎಲ್ಲಿ ಎಡವುತ್ತೆ ಅನ್ನೋ ಅಂದಾಜೇ ಇಲ್ಲ. ಚಿತ್ರ ಮಾಡಿಸಿದ್ರೆ ಲೇಬಲ್‌ನಲ್ಲಿ ಒತ್ತಕ್ಷರವೆಲ್ಲ ಚಿಂದಿ. ಕೊನೆಗೆ ಚಿತ್ರ ಬೇಡ, ಎಸ್‌ವಿಜಿ (ಗೆರೆ, ಅಕ್ಷರಗಳನ್ನ ಕೋಡ್‌ನಲ್ಲೇ ಬರೆಯೋ ಚಿತ್ರ) ಕೋಡ್ ಬರ್ಕೊಡು ಅಂದೆ, ಅಕ್ಷರ ಅಕ್ಷರವಾಗೇ ಉಳೀತು, ಎಷ್ಟು ಜೂಮ್ ಮಾಡಿದ್ರೂ ಒಡೆಯಲ್ಲ.

ದುಡ್ಡು ಹೋಗಿದ್ದು ಬೇರೆ ಕಡೆ. ಒಂದೇ ಚಾಟ್‌ನಲ್ಲಿ ಪಾಠ ಪೂರ್ತಿ ಹಾಕಿ ತಿದ್ದಿಸ್ತಾ ಕೂತ್ರೆ ಪ್ರತಿ ಸಲ ಹಿಂದಿನದೆಲ್ಲಾ ಮತ್ತೆ ಇನ್‌ಪುಟ್ ಆಗುತ್ತೆ, ಕನ್ನಡಕ್ಕೆ ಟೋಕನ್ (ಎಐ ಪಠ್ಯವನ್ನ ಒಡೆದು ಎಣಿಸೋ ತುಣುಕು, ಅದಕ್ಕೇ ದುಡ್ಡು) ಮೊದಲೇ ಜಾಸ್ತಿ, ಎಪಿಐ (ಬಳಸಿದಷ್ಟಕ್ಕೆ ದುಡ್ಡು ಕೊಟ್ಟು ಎಐ ಬಳಸೋ ದಾರಿ) ಬಿಲ್ ನೋಡಿ ತಲೆ ತಿರುಗ್ತು. ಆಮೇಲೆ ಒಂದೊಂದು ಭಾಗ, ಜೊತೆಗೆ ಪಾರಿಭಾಷಿಕ ಪದಗಳ ಪಟ್ಟಿ, ಇಷ್ಟೇ ಕಳಿಸಿದೆ. ಬಿಲ್ ಹೆಚ್ಚುಕಮ್ಮಿ ಮೂರನೇ ಒಂದು ಭಾಗಕ್ಕೆ ಇಳೀತು.

ಕೈ ಹಿಡಿದಿದ್ದು ಮಕ್ಕಳು ಬರೆದ ತಪ್ಪು ಉತ್ತರಗಳು. ಹೆಸರು ತೆಗೆದು ಅದನ್ನೇ ಎಐಗೆ ಕೊಟ್ಟೆ: 1/2 + 1/3 = 2/5, ಇಲ್ಲಾಂದ್ರೆ 3ಕ್ಕಿಂತ 25 ದೊಡ್ಡದಲ್ವಾ ಅಂತ 0.3ಕ್ಕಿಂತ 0.25 ದೊಡ್ಡದು ಅನ್ನೋದು. ಮಗು ಏನು ಯೋಚ್ನೆ ಮಾಡಿರಬಹುದು, ಆ ಯೋಚ್ನೆ ತಾನಾಗೇ ಮುರಿಯೋ ಹಾಗೆ ಒಂದೇ ಪ್ರಶ್ನೆ ಕೇಳು, ಅಂದೆ. ಈಗ ಪುಸ್ತಕದಲ್ಲಿ 2/5 ಒತ್ತಿದ್ರೆ 'ತಪ್ಪು' ಅಂತ ಬರಲ್ಲ, "2/5 ಅಂದ್ರೆ ಅರ್ಧಕ್ಕಿಂತ ಕಮ್ಮಿ, ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಕಮ್ಮಿ ಹೇಗಾಯ್ತು?" ಅಂತ ಬರುತ್ತೆ. ಈ ಥರದ್ದು ಅಚ್ಚಿನ ಪುಸ್ತಕದಲ್ಲಿ ನಾನಂತೂ ಕಂಡಿಲ್ಲ, ಸ್ವಲ್ಪ ಜಂಬ ಅಂದ್ಕೊಂಡ್ರೂ ಪರವಾಗಿಲ್ಲ. ಎಐ ಕೊಟ್ಟ ಪ್ರಶ್ನೆಗಳಲ್ಲಿ ಅರ್ಧದಷ್ಟು ಎಸೆದಿದ್ದೀನಿ, ಲೆಕ್ಕದ ಉತ್ತರ ಮಾತ್ರ ಎಐ ಬಾಯಿಂದ ತಗೊಳ್ಳದೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಓಡಿಸಿ ನೋಡ್ತೀನಿ. ತಪ್ಪುಗಳನ್ನ ಯಾವ ಕ್ರಮದಲ್ಲಿ ಕೊಡ್ಬೇಕು ಅನ್ನೋದು ನನ್ನ ಗುಟ್ಟಾಗೇ ಇರ್ಲಿ.

ಮಧ್ಯೆ ಪಾಠನ ಯಂತ್ರದ ದನಿಯಲ್ಲಿ ಓದಿಸೋ ಆಡಿಯೋ ಚಟ ಹತ್ತಿತ್ತು. ಓದ್ತಾ ಓದ್ತಾ ಸಾಲು ಬಣ್ಣ ಆಗೋದು ಚೆನ್ನಾಗೇ ಬಂತು, ಆದ್ರೆ 1/2 ಅನ್ನೋದನ್ನ ಆ ದನಿ ತಾರೀಖಿನ ಥರ ಓದ್ತು. ಗಣಿತಕ್ಕೆ ಬೇಡ ಅಂತ ಬಿಟ್ಟೆ.

ಇಪಬ್ 3 (ಇ-ಪುಸ್ತಕದ ಒಂದು ಫೈಲ್ ನಮೂನೆ) ಮಾಡೋರಿಗೆ ಒಂದು ಮಾತು: ಜಾವಾಸ್ಕ್ರಿಪ್ಟ್ (ಒತ್ತಿದ್ರೆ ಪುಟ ಉತ್ತರ ಕೊಡೋ ಹಾಗೆ ಮಾಡೋ ಕೋಡ್) ಎಲ್ಲಾ ರೀಡರ್ ಆ್ಯಪ್‌ನಲ್ಲೂ ಓಡಲ್ಲ, ಓಡಿಸ್ಲೇಬೇಕು ಅನ್ನೋ ನಿಯಮಾನೂ ಇಲ್ಲ. ಅದಕ್ಕೇ ನಾನು ಪ್ರತಿ ತಪ್ಪು ಉತ್ತರಕ್ಕೂ ಒಂದು ಪುಟ್ಟ ಪುಟ ಮಾಡಿ ಮಾಮೂಲಿ ಲಿಂಕ್ ಕೊಟ್ಟೆ. ಫೈಲ್ ದಪ್ಪ ಆಗಿಲ್ಲ, ನೆಟ್ ಇಲ್ಲದ ಹಳೇ ಟ್ಯಾಬ್‌ನಲ್ಲೂ ನಡೀತಿದೆ.