ಮಳೆಗಾಲ ಮುಗಿಯಿತು, ಹಾಟ್ ಟಬ್‌ಗೆ ಇಳಿಯುವ ಮೊದಲು ಪೈಪ್ ತೊಳೆಯಿರಿ

ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆಯ ಹೋಂಸ್ಟೇಗಳಲ್ಲಿ ಅಂಗಳದ ಹಾಟ್ ಟಬ್, ಅಂದರೆ ಕೂತು ಮೀಯುವ ಬಿಸಿನೀರಿನ ತೊಟ್ಟಿ, ಈಗ ಹೊಸದೇನಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಮುಚ್ಚಳ ಹಾಕಿ ಬಿಡುತ್ತೇವೆ. ದಸರಾ ರಜೆ ಹತ್ತಿರ ಬಂದಾಗಲೇ ಮತ್ತೆ ಅದರ ನೆನಪು.

ಮೊದಲ ವರ್ಷ ನಾವೂ ಹಳೇ ನೀರು ಬಿಟ್ಟು, ಟಬ್ ತಿಕ್ಕಿ ತೊಳೆದು, ಹೊಸ ನೀರು ತುಂಬಿ ಬಿಸಿ ಮಾಡಿದೆವು. ತಳ ಫಳಫಳ ಕಾಣುತ್ತಿತ್ತು. ಎರಡು ದಿನ ಬಿಟ್ಟು ತಂಗಿಯ ಮಕ್ಕಳ ಬೆನ್ನು, ತೊಡೆಯ ಮೇಲೆಲ್ಲ ಕೆಂಪು ಗುಳ್ಳೆ. ಈಜುಡುಪು ಮುಚ್ಚಿದ್ದ ಜಾಗದಲ್ಲೇ ಜಾಸ್ತಿ. ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾದಿಂದ ಹೀಗಾಗುತ್ತದೆ ಎಂದರು ಡಾಕ್ಟರು. ಟಬ್ ಶುಚಿಯಾಗಿತ್ತು, ಕೊಳೆ ಇದ್ದದ್ದು ಪೈಪ್‌ಗಳ ಒಳಗೆ.

ನೀರು ಚಿಮ್ಮಿಸುವ ಜೆಟ್‌ಗಳಿಗೆ ಹೋಗುವ ಪೈಪ್‌ಗಳಲ್ಲಿ ನೀರು ಪೂರ್ತಿ ಇಳಿಯುವುದಿಲ್ಲ. ನಿಂತ ನೀರಲ್ಲಿ ಲೋಳೆ ಕಟ್ಟುತ್ತದೆ. ಆ ಲೋಳೆಯ ಅಡಿಯಲ್ಲಿರುವ ಬ್ಯಾಕ್ಟೀರಿಯಾಕ್ಕೆ ಕ್ಲೋರಿನ್ ಸರಿಯಾಗಿ ತಾಗುವುದೇ ಇಲ್ಲ. ಗುಳ್ಳೆಯಾದರೆ ವಾಸಿಯಾಗುತ್ತದೆ. ಲೀಜಿಯೊನೆಲ್ಲಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಹಾಗಲ್ಲ. ಜೆಟ್ ಚಿಮ್ಮಿಸುವ ಸಣ್ಣ ಹನಿಗಳ ಜೊತೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. 1999ರಲ್ಲಿ ನೆದರ್‌ಲ್ಯಾಂಡ್ಸ್‌ನ ಬೋವೆನ್‌ಕಾರ್‌ಸ್ಪೆಲ್ ಊರಿನ ಹೂವಿನ ಪ್ರದರ್ಶನದಲ್ಲಿ ಸುಮ್ನೆ ನೋಡಲು ಇಟ್ಟಿದ್ದ ಟಬ್‌ನಿಂದ ಈ ಸೋಂಕು ಹರಡಿ ಕನಿಷ್ಠ 32 ಮಂದಿ ತೀರಿಕೊಂಡರು. ಆ ಟಬ್‌ಗೆ ಯಾರೂ ಇಳಿದಿರಲಿಲ್ಲ, ಪಕ್ಕದಲ್ಲಿ ಹಾದುಹೋಗಿದ್ದರು ಅಷ್ಟೇ.

ಹಾಗಾಗಿ ಕೆಲಸ ಎರಡು ದಿನ ಮೊದಲೇ ಶುರು ಮಾಡಿ.

ಮೊದಲು ಟಬ್‌ಗೆ ಕರೆಂಟ್ ಕೊಡುವ ಎಂಸಿಬಿ ಸ್ವಿಚ್ ಇಳಿಸಿ. ಪಂಪ್ ಇರುವ ಬದಿಯ ಹಲಗೆ ಬಿಚ್ಚಿ, ಕೈ ಹಾಕದೆ ಟಾರ್ಚ್ ಬಿಟ್ಟು ನೋಡಿ. ಮಳೆಗಾಲದಲ್ಲಿ ಅದು ಬೆಚ್ಚಗಿನ ಒಣ ಜಾಗ. ಇಲಿ ಗೂಡು ಕಟ್ಟಿರುತ್ತದೆ, ಇಲಿ ಹುಡುಕಿಕೊಂಡು ಹಾವೂ ಬಂದಿರಬಹುದು. ವೈರ್ ಕಡಿದಿದ್ದರೆ ಎಲೆಕ್ಟ್ರಿಷಿಯನ್ ಬಂದು ಸರಿ ಮಾಡುವವರೆಗೆ ಮುಂದಕ್ಕೆ ಹೋಗಬೇಡಿ. ಸರಿಯಿದ್ದರೆ ಹಲಗೆ ಮುಚ್ಚಿ, ಎಂಸಿಬಿ ಹಾಕಿ, ಕರೆಂಟ್ ಸೋರಿದರೆ ತಾನೇ ಬೀಳುವ ಲೀಕೇಜ್ ಬ್ರೇಕರ್‌ನ ಟೆಸ್ಟ್ ಗುಂಡಿ ಒತ್ತಿ. ಟಕ್ ಅಂತ ಬೀಳಲೇಬೇಕು.

ಇನ್ನು ಮುಖ್ಯ ಕೆಲಸ. ಹಳೇ ನೀರನ್ನು ಈಗಲೇ ಬಿಡಬೇಡಿ. ನೀರು ಜೆಟ್‌ಗಿಂತ ಕೆಳಗಿದ್ದರೆ ಮೇಲೆ ಬರುವಷ್ಟು ತುಂಬಿಸಿ. ಫಿಲ್ಟರ್ ಹೊರಗೆ ತೆಗೆಯಿರಿ. ಈಜುಕೊಳದ ಸಾಮಾನು ಮಾರುವ ಕಡೆ ಹಾಟ್ ಟಬ್ ಪೈಪ್ ತೊಳೆಯುವ ದ್ರಾವಣ ಸಿಗುತ್ತದೆ. ಅದನ್ನು ಸುರಿದು, ಎಲ್ಲ ಜೆಟ್ ತೆರೆದು, ಪಂಪ್ ಓಡಿಸಿ. ಮುಚ್ಚಳ ಹಾಕಿ ದೂರ ನಿಲ್ಲಿ, ಆ ಹನಿ ಉಸಿರಾಡಬೇಡಿ. ಅರ್ಧ ಗಂಟೆಯಲ್ಲಿ ಕಂದು ನೊರೆ ಏಳುತ್ತದೆ. ನೊರೆಯ ಅಂಚಲ್ಲಿ ನೆನೆದ ಕಾಗದದಂಥ ಬೂದು ಚೂರುಗಳು ತೇಲುತ್ತವೆ, ಬೆರಳಲ್ಲಿ ಉಜ್ಜಿದರೆ ಜಾರುತ್ತವೆ. ಅದೇ ಲೋಳೆ. ನೋಡಿದಾಗ ಹೊಟ್ಟೆ ತೊಳಸುತ್ತದೆ, ಆದರೆ ಅದು ಹೊರಗೆ ಬಂತಲ್ಲ, ಒಳ್ಳೆಯದೇ. ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ಮತ್ತೊಮ್ಮೆ ಓಡಿಸಿ, ಎಂಸಿಬಿ ಇಳಿಸಿ, ನೀರು ಬಿಡಿ. ಹಳ್ಳಕ್ಕೆ, ಕೆರೆಗೆ ಹರಿಸಬೇಡಿ, ಮೀನು ಕಪ್ಪೆಗಳಿಗೆ ಅದು ವಿಷ. ಚೂರು ಜಾಸ್ತಿ ಬಂದಿದ್ದರೆ ಇದೇ ಕೆಲಸ ಇನ್ನೊಮ್ಮೆ ಮಾಡಿ.

ಟಬ್ ಒಳಗೆ ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ಪಾತ್ರೆ ತೊಳೆಯುವ ಸೋಪು ಬೇಡ, ಆಮೇಲೆ ವಾರಗಟ್ಟಲೆ ನೊರೆ ಬರುತ್ತದೆ. ಫಿಲ್ಟರ್ ಹಳೆಯದಾಗಿದ್ದರೆ ಹೊಸದನ್ನೇ ಹಾಕಿ. ನೀರು ಕುಡಿದು ಭಾರವಾದ ಮುಚ್ಚಳವನ್ನೂ ಬದಲಿಸಿ.

ತುಂಬುವಾಗ ಹೋಸ್ ಪೈಪನ್ನು ಫಿಲ್ಟರ್ ಕೂರುವ ಗುಂಡಿಯೊಳಗೆ ಇಳಿಸಿ. ಹಾಗೆ ಮಾಡಿದರೆ ಪಂಪ್‌ನಲ್ಲಿ ಗಾಳಿ ಸಿಕ್ಕಿಕೊಳ್ಳುವುದು ಕಡಿಮೆ. ನೀರು ಜೆಟ್ ಮುಚ್ಚುವ ತನಕ ಸ್ವಿಚ್ ಹಾಕಬೇಡಿ, ಒಣ ಹೀಟರ್ ಸುಟ್ಟುಹೋಗುತ್ತದೆ. 1500 ಲೀಟರ್ ನೀರು 24ರಿಂದ 38 ಡಿಗ್ರಿಗೆ ಬರಲು 3 ಕಿಲೋವ್ಯಾಟ್ ಹೀಟರ್‌ಗೆ ಎಂಟು ಗಂಟೆಗೂ ಮೇಲೆ ಬೇಕು. ಮಲೆನಾಡಿನ ಕರೆಂಟ್ ನಂಬಿ ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡಿ. ಉಷ್ಣತೆ 40 ಡಿಗ್ರಿ ದಾಟಬಾರದು.

ಟೆಸ್ಟ್ ಪಟ್ಟಿ ಅದ್ದಿ ಮೊದಲು ಕ್ಷಾರತೆ ನೋಡಿ. 80ರಿಂದ 120 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂಬ ಲೆಕ್ಕ) ಇರಬೇಕು. ನಮ್ಮ ಝರಿ ನೀರಲ್ಲಿ ಇದು ಕಡಿಮೆ. 1500 ಲೀಟರಿಗೆ ಸುಮಾರು 25 ಗ್ರಾಂ ಅಡುಗೆ ಸೋಡಾ ಹಾಕಿದರೆ 10 ಪಿಪಿಎಂ ಏರುತ್ತದೆ. ಆಮೇಲೆ ಪಿಎಚ್, 7.2ರಿಂದ 7.8ರ ಒಳಗೆ. ಕೊನೆಗೆ ಕ್ಲೋರಿನ್. ಡೈಕ್ಲೋರ್ ಅನ್ನುವ ಕ್ಲೋರಿನ್ ಹರಳು ಒಳ್ಳೆಯದು, ಅಷ್ಟೇ ನೀರಿಗೆ 25-30 ಗ್ರಾಂ ಹಾಕಿದರೆ 10 ಪಿಪಿಎಂ ಆಸುಪಾಸು ಬರುತ್ತದೆ. ಜೆಟ್, ಗಾಳಿ ವಾಲ್ವ್ ಎಲ್ಲ ತೆರೆದು ಓಡಿಸಿ, ರಾತ್ರಿ ಹಾಗೇ ಬಿಡಿ. ಬ್ಲೀಚಿಂಗ್ ಪೌಡರ್ ಸುಣ್ಣ ಕಟ್ಟಿಸುತ್ತದೆ. ಯಾವ ಕ್ಲೋರಿನ್ ಆದರೂ ಆಸಿಡ್ ಜೊತೆ, ಇನ್ನೊಂದು ಕ್ಲೋರಿನ್ ಪುಡಿ ಜೊತೆ ಬೆರೆಸಲೇಬೇಡಿ.

ಬೆಳಿಗ್ಗೆ ಮತ್ತೆ ಪಟ್ಟಿ ಅದ್ದಿ. ಕ್ಲೋರಿನ್ 3ರಿಂದ 5 ಪಿಪಿಎಂ ಇದ್ದರೆ ಟಬ್‌ಗೆ ಇಳಿಯಬಹುದು. ಜಾಸ್ತಿ ಇದ್ದರೆ ಅದು ಕಡಿಮೆಯಾಗುವ ತನಕ ಕಾಯಿರಿ. ಪೂರ್ತಿ ಸೊನ್ನೆಯಾಗಿದ್ದರೆ ಪೈಪ್‌ನಲ್ಲಿ ಇನ್ನೂ ಏನೋ ಕ್ಲೋರಿನ್ ತಿನ್ನುತ್ತಿದೆ ಎಂದೇ ಲೆಕ್ಕ. ಅವತ್ತು ಅತಿಥಿಗಳು ಬಂದಿದ್ದರೂ ಟಬ್‌ನ ಮುಚ್ಚಳ ತೆಗೆಯಬೇಡಿ. ಬಚ್ಚಲೊಲೆಗೆ ಬೆಂಕಿ ಹಾಕಿ, ಹಂಡೆ ತುಂಬ ನೀರು ಕಾಯಿಸಿ ಕೊಡಿ.